ಹಳೇ ರಿವಾಲ್ವರಿನ ಹೊಸ ಹೊಳಪು

ಖಂಡೇನವಮಿ ಬಂತೆಂದರೆ ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಕಡೆ ಕುಡುಗೋಲು, ಕೊಡಲಿ, ಟ್ರ್ಯಾಕ್ಟರ್ ಎಲ್ಲವೂ ತೊಳೆದುಕೊಂಡು ಪೂಜೆಗೆ ನಿಲ್ಲುತ್ತವೆ. ಲೈಸೆನ್ಸ್ ಇರುವ ಮನೆಯಲ್ಲಿ ಬಂದೂಕು, ರಿವಾಲ್ವರ್ ಕೂಡ ಆ ಸಾಲಿಗೆ ಸೇರುತ್ತವೆ. ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ತೊಂದರೆಯಿಲ್ಲ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದರೆ ಮಾತ್ರ ತುಕ್ಕಿನ ಜೊತೆ ಇತಿಹಾಸವೂ ಅಳಿಸಿ ಹೋಗುತ್ತದೆ.

ಆಯುಧದ ಇತಿಹಾಸ ನಮ್ಮ ಭಾಗಕ್ಕೆ ಸಣ್ಣದಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂದು ಬ್ರಿಟಿಷರು ಹೇಳಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರ್‌ನಲ್ಲಿ ಸೈನ್ಯ ಊರಿನ ಮೇಲೇ ಬಿತ್ತು. 1878ರ ಆಯುಧ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧವಾಯಿತು.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಇಂಥ ಜಿಲ್ಲೆಯಲ್ಲಿ ಯಾರಾದರೂ 'ಇದು ಚಳವಳಿ ಕಾಲದ ರಿವಾಲ್ವರ್' ಎಂದರೆ ಮೈ ಜುಮ್ಮೆನ್ನುತ್ತದೆ. ಆದರೆ ಮಾತು ನಂಬುವ ಮೊದಲು ಲೋಹವನ್ನು ಓದಬೇಕು.

ಕಾರ್ಖಾನೆಯಿಂದ ಬರುವಾಗ ರಿವಾಲ್ವರ್ ಮೇಲೆ ನೀಲಿಗಪ್ಪು ಬಣ್ಣ ಇರುತ್ತದೆ. ಇದು ಬಳಿದ ಪೇಂಟ್ ಅಲ್ಲ, ಉಕ್ಕಿನ ಮೇಲ್ಮೈಯನ್ನೇ ಬದಲಿಸಿ ತಂದ ಬಣ್ಣ. ಮತ್ತೆ ಅದನ್ನು ಹಾಕಬೇಕಾದರೆ ಮೊದಲು ಲೋಹವನ್ನು ಉಜ್ಜಿ ನುಣುಪು ಮಾಡಬೇಕು. ಆ ಉಜ್ಜಾಟವೇ ಸುಳಿವು ಬಿಟ್ಟುಹೋಗುತ್ತದೆ.

ಮೊದಲು ಅಕ್ಷರ ನೋಡಿ. 1915ರಲ್ಲಿ ಬಂದ ಬ್ರಿಟಿಷ್ ಸೈನ್ಯದ ವೆಬ್ಲಿ ಮಾರ್ಕ್ 6 ರಿವಾಲ್ವರಿನ ಎಡಬದಿಯಲ್ಲಿ ಹೆಸರು, ಇಸವಿ ಒತ್ತಿರುತ್ತಾರೆ. ಅಕ್ಷರದ ಅಂಚು ಚೂಪಾಗಿದ್ದರೆ ಒಳ್ಳೆಯದು. ಸವೆದ ನಾಣ್ಯದಂತೆ ಮಸುಕಾಗಿದ್ದರೆ ಮೇಲೆ ಪಾಲಿಶ್ ಬಿದ್ದಿರಬಹುದು. ಆಮೇಲೆ ಸ್ಕ್ರೂ ಸುತ್ತ ನೋಡಿ. ಪಾಲಿಶ್ ಚಕ್ರ ತಾಗಿದರೆ ಅಲ್ಲಿ ತಟ್ಟೆಯಂತೆ ತಗ್ಗು ಬೀಳುತ್ತದೆ. ಚೌಕವಾಗಿರಬೇಕಾದ ಮೂಲೆ ದುಂಡಗಾಗಿರುತ್ತದೆ. ತುಕ್ಕು ತಿಂದ ಗುಂಡಿಗಳ ಒಳಗೂ ಹೊಸ ಕಪ್ಪು ಕೂತಿದ್ದರೆ, ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು ಎಂದರ್ಥ. ಹಳೇ ಸ್ಮಿತ್ ಆ್ಯಂಡ್ ವೆಸನ್‌ಗಳಲ್ಲಿ ಸಾಮಾನ್ಯವಾಗಿ ಟ್ರಿಗರ್, ಹ್ಯಾಮರ್ ಮೇಲೆ ಕಂದು, ನೀಲಿ, ಬೂದು ಬೆರೆತ ಛಾಯೆ ಇರುತ್ತದೆ. ಅವೂ ಮೈಯಷ್ಟೇ ಕಪ್ಪಾಗಿದ್ದರೆ ಅನುಮಾನ ಪಡಿ.

ಹಾಗಂತ ಹೊಸ ಬಣ್ಣವೆಲ್ಲ ಮೋಸವಲ್ಲ. ಸೈನ್ಯದ ರಿಪೇರಿ ಕಾರ್ಖಾನೆಗಳೇ ಎಷ್ಟೋ ಆಯುಧಗಳಿಗೆ ಮತ್ತೆ ಬಣ್ಣ ಹಾಕಿವೆ. ಅದೂ ಆ ಆಯುಧದ ಬದುಕಿನ ಭಾಗವೇ. ಮೂಲ ಬಣ್ಣ ಅಂತ ಹೇಳಿ ಮಾರುವುದು ಮೋಸ.

ಎಲ್ಲಕ್ಕಿಂತ ಮುಖ್ಯ, ನಂಬರ್. 1959ರ ಆಯುಧ ಕಾಯ್ದೆಯ 8ನೇ ಕಲಂ ಪ್ರಕಾರ ಬಂದೂಕಿನ ಹೆಸರು, ನಂಬರ್, ಗುರುತು ಅಳಿಸುವುದು, ತಿದ್ದುವುದು ಅಪರಾಧ. ಅಳಿಸಿದ ಆಯುಧ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆಂದು ಕಾನೂನು ಭಾವಿಸುತ್ತದೆ. ಅಲ್ಲ ಎಂದು ಅವರೇ ಸಾಬೀತು ಮಾಡಬೇಕು. ಅಂಗಡಿಯವ ಪುಕ್ಕಟೆ ಪಾಲಿಶ್ ಮಾಡಿಕೊಟ್ಟರೂ ಸಿಕ್ಕಿಬೀಳುವವರು ನಾವೇ.

ಅಟ್ಟದ ಪೆಟ್ಟಿಗೆಯಲ್ಲಿ ಹಳೇ ರಿವಾಲ್ವರ್ ಸಿಕ್ಕರೆ ಅದನ್ನು ತಿರುವಿ ನೋಡಬೇಡಿ, ಉಜ್ಜಬೇಡಿ. ಒಳಗೆ ಗುಂಡು ಇದ್ದೀತು. ಠಾಣೆಗೆ ತಿಳಿಸಿ. ಅಜ್ಜನ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಲೈಸೆನ್ಸ್ ಇದ್ದವರು ತುಕ್ಕು ಏರದಂತೆ ತೆಳ್ಳಗೆ ಎಣ್ಣೆ ಸವರಿ, ಹಳೇ ಕಾಗದಗಳನ್ನು ಜೋಪಾನವಾಗಿಡಿ. ಮಾಸಿದ ಮೈಯಲ್ಲಿ ಸ್ಪಷ್ಟ ನಂಬರ್ ಇರುವ ರಿವಾಲ್ವರ್, ಮಿರಮಿರ ಮಿಂಚುವ ಅನಾಮಧೇಯ ಕಬ್ಬಿಣಕ್ಕಿಂತ ಎಷ್ಟೋ ಮೇಲು.