ತಡ, ತಡೆ, ತಡೆದ ಮಳೆ

ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಹನೂರಿನಲ್ಲಿ ನಿಂತಿತ್ತು. ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರ ವಾದ ಕೊಳ್ಳೇಗಾಲದಿಂದಲೇ ಶುರುವಾಗಿತ್ತು. ಪೊಲೀಸರು ಯಾರನ್ನೋ ಠಾಣೆಗೆ ಕರೆದೊಯ್ದು ಹೊಡೆದರೆಂಬ ದೂರು. ವಿರೋಧ ಪಕ್ಷದ ಕಡೆಯ ಹಿರಿಯರು, ದೂರು ಕೊಟ್ಟು ವರ್ಷವಾದರೂ ಸರ್ಕಾರ ತನಿಖೆಗೆ ಆದೇಶ ಮಾಡಿಲ್ಲ ಎಂದು ಬೇಯುತ್ತಿದ್ದರು. ಆಡಳಿತ ಪಕ್ಷದ ಕಡೆಯ ಕಿರಿಯರು ಸಮಾಧಾನದ ದನಿಯಲ್ಲಿ, “ತಡ ಆಗದ, ಇಲ್ಲ ಅನ್ನಲ್ಲ ಕಣಣ್ಣ. ಆದ್ರ ಯಾರೂ ತಡದಿಲ್ವಲ್ಲ!” ಎಂದರು. ಹಿರಿಯರ ಬಾಯಿ ಕಟ್ಟಿತು. ನನಗೆ ಮಾತ್ರ ಅಲ್ಲಿಂದ ಬೆಟ್ಟ ಮುಟ್ಟುವವರೆಗೂ ಆ ಮಾತು ಬಿಡಲಿಲ್ಲ.

ತಡ ಬೇರೆ, ತಡೆ ಬೇರೆ ಎಂದು ನಾವು ನಂಬಿದ್ದು ಯಾವಾಗಿನಿಂದ? ವಿಧಾನಸಭೆಯ ಕಲಾಪವನ್ನು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಪೊಲೀಸರ ಮೇಲಿನ ಆರೋಪದ ಮಾತು ಬಂದಾಗಲೆಲ್ಲ ವಿರೋಧ ಪಕ್ಷದಲ್ಲಿ ಕೂತವರ ಬಾಯಲ್ಲಿ ‘ತಡೆ’, ಸರ್ಕಾರದ ಕಡೆ ಕೂತವರ ಬಾಯಲ್ಲಿ ‘ತಡ’. ಚುನಾವಣೆ ಮುಗಿದು ಜಾಗ ಅದಲುಬದಲಾದರೆ ಪದಗಳೂ ಅದಲುಬದಲು.

ನನ್ನ ವಾದ ಇಷ್ಟು: ಇವೆರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಪದಗಳು. ‘ತಡೆ’ ಎಂಬ ಒಂದೇ ಕ್ರಿಯಾಪದಕ್ಕೆ ಅಡ್ಡಹಾಕು, ತಡಮಾಡು ಎಂಬ ಎರಡೂ ಅರ್ಥ ಹಿಂದಿನಿಂದ ಉಂಟು. ಅದರಾಚೆಗಿನದು ನನ್ನ ಸ್ವಂತ ಹಟ. ಬಿದಿರಿನ ತಡಿಕೆ ಗಾಳಿಯನ್ನು ನಿಲ್ಲಿಸುತ್ತದೆ, ಹೊಳೆಯ ತಡಿ ನೀರನ್ನು ಹಿಡಿಯುತ್ತದೆ, ಮಾತು ಗಂಟಲಲ್ಲಿ ಸಿಕ್ಕಿಕೊಂಡವನು ತಡವರಿಸುತ್ತಾನೆ. ಮಗು ಊಟಕ್ಕೆ ಅವಸರ ಮಾಡಿದರೆ ತಾಯಿ “ತಡಿ, ಬಂದೆ” ಅನ್ನುತ್ತಾಳೆ. ಇವೆಲ್ಲದರಲ್ಲೂ ಹಿಡಿದು ನಿಲ್ಲಿಸುವ ಒಂದು ಕೈ ಇದೆ. ವಿದ್ವಾಂಸರು ತಡಿಗೆ ಸಂಸ್ಕೃತದ ತಟವನ್ನು ತೋರಿಸಿದರೂ ನಾನು ಈ ಕುಟುಂಬವನ್ನು ಒಡೆಯಲಾರೆ.

ಈ ಹಟವನ್ನು ನನ್ನಲ್ಲಿ ಬಿತ್ತಿದ್ದು ಅಜ್ಜಿ. “ತಡೆದ ಮಳೆ ಜಡಿದು ಬತ್ತದ” ಎನ್ನುವುದು ಅವಳ ಗಾದೆ. ಒಂದು ವರ್ಷ ಉತ್ತರೆ ಹನಿಯಲಿಲ್ಲ, ಹಸ್ತವೂ ಹನಿಯಲಿಲ್ಲ. ರಾಗಿ ತೆನೆ ಕಟ್ಟುವ ಹೊತ್ತು. ಅಜ್ಜಿ ದಿನಾ ಸಂಜೆ ಜಗಲಿಯಲ್ಲಿ ಕೂತು ಪಡುವಲ ದಿಕ್ಕನ್ನೇ ನೋಡುತ್ತಿದ್ದಳು. “ಮಳೆ ಯಾಕಜ್ಜಿ ತಡ?” ಎಂದು ಕೇಳಿದೆ. ಅವಳು ಬಿಳಿಗಿರಿ ಬೆಟ್ಟದ ಕಡೆ ಕೈ ತೋರಿಸಿ, “ಬೆಟ್ಟ ತಡದದ ಮಗ. ತಡ ಅಂದ್ರ ಏನೋ ತಡದದ ಅಂತ್ಲೇಯ” ಅಂದಳು. ಅವಳ ಲೋಕದಲ್ಲಿ ತಡ ತಾನಾಗಿ ಆಗುತ್ತಿರಲಿಲ್ಲ. ಬಸ್ಸು ತಡವಾದರೆ ಗೇಟು ತಡೆದಿದೆ, ಮದುವೆ ತಡವಾದರೆ ದುಡ್ಡು ತಡೆದಿದೆ, ಮಗಳ ಕಾಗದ ತಡವಾದರೆ ಅತ್ತೆ ತಡೆದಿದ್ದಾಳೆ.

ಕೊನೆಗೆ ಚಿತ್ತೆ ಮಳೆ ಒಂದೇ ರಾತ್ರಿಯಲ್ಲಿ ಜಡಿಯಿತು. ಬೆಳಗ್ಗೆ ಹೋಗಿ ನೋಡಿದರೆ ಮೇಲಿನ ಹೊಲದ ಬದು ಒಡೆದು, ಮೇಲ್ಮಣ್ಣೆಲ್ಲ ಹಳ್ಳಕ್ಕೆ ಹೋಗಿತ್ತು. ಒಣಗಿದ ಪೈರು ಮಲಗಿತ್ತು. ಅಜ್ಜಿ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದಳು, ಬರಿಯ ಹೊಟ್ಟು. ಮಳೆ ಬಂದಿತ್ತು, ಬೇಕಾದಷ್ಟು ಬಂದಿತ್ತು. ಹದ ಹೋಗಿತ್ತು. ‘ತಡೆದ ಮಳೆ’ ಎಂದರೆ ತಡವಾಗಿ ಬಂದ ಮಳೆಯೋ, ಯಾವುದೋ ಹಿಡಿದಿಟ್ಟಿದ್ದ ಮಳೆಯೋ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಗಾದೆ ಎರಡನ್ನೂ ಬೇರೆ ಮಾಡುವುದಿಲ್ಲ.

ಸಾಕ್ಷ್ಯಕ್ಕೂ ಹದವಿದೆ. ಮೈಮೇಲಿನ ಬಾಸುಂಡೆ ವಾರಗಳಲ್ಲಿ ಮಾಯುತ್ತದೆ. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಒಂದು ವರ್ಷವಾದರೂ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿತು. ಹಾಗಿರುವಾಗ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಎರಡು ವರ್ಷ ನಡೆದರೆ ಉಳಿಯುವುದು ಹೊಟ್ಟು.

ಬಸ್ಸು ತಾಳಬೆಟ್ಟದ ತಿರುವುಗಳನ್ನು ಹತ್ತುವಾಗ ನೆನಪಾದದ್ದು ಈ ಬೆಟ್ಟದ ಜನರದೇ ಕಥೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ಕಾರ್ಯಪಡೆ ತಮ್ಮನ್ನು ಹಿಂಸಿಸಿತೆಂದು ಎರಡೂ ಕಡೆಯ ಕಾಡಂಚಿನ ಜನ ದೂರಿದರು. ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ಚಿತ್ರಹಿಂಸೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತೆಂದು ಅವರು ಹೇಳಿದರು. ದುಡಿಮೆಯ ಪದವನ್ನು ಅಲ್ಲಿಗೆ ಎಳೆದುಕೊಂಡು ಹೋದವರನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಅಹವಾಲು ಕೇಳುವುದು ಶುರುವಾದ ಮೇಲೆ ನಡುವೆ ಬಂದದ್ದು ತಡೆಯಾಜ್ಞೆ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಈ ತಡೆಯಾಜ್ಞೆ ತೆರವಾಗಬೇಕೆಂಬುದೂ ಒಂದು. ಬಡವರ ನ್ಯಾಯದ ಮಾತು ಕೊಲೆಗಡುಕನ ಬಾಯಿಂದ ಬರುವ ಹಾಗೆ ಬಿಟ್ಟುಕೊಂಡೆವಲ್ಲ, ಅದು ಆ ಎರಡೂ ರಾಜ್ಯಗಳ ರಾಜಕಾರಣದ ಸೋಲು. ಸಮಿತಿಯ ವರದಿ 2003ರ ಕೊನೆಗೆ ಬಂತು. 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳುವ ಹೊತ್ತಿಗೆ 2007 ಆಗಿತ್ತು.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಸಿಬ್ಬಂದಿ ಊರಿಗೆ ನುಗ್ಗಿ ನಡೆಸಿದ ದೌರ್ಜನ್ಯದ ತೀರ್ಪು ಬಂದದ್ದು 2011ರಲ್ಲಿ. 269 ಆರೋಪಿಗಳಲ್ಲಿ 54 ಜನ ಅಷ್ಟರಲ್ಲಿ ಸತ್ತಿದ್ದರು. ಸಾವಿಗೆ ತಡವೂ ಇಲ್ಲ, ತಡೆಯೂ ಇಲ್ಲ.

ಕಾನೂನು ಮಾತ್ರ ನಮ್ಮ ಅಜ್ಜಿಯ ಹಾಗೆ ಆಗಾಗ ಸತ್ಯ ಹೇಳಿಬಿಡುತ್ತದೆ. ವೀರಪ್ಪನ್ ಗುಂಪಿನ ಪಾಲಾರ್ ಬಾಂಬ್ ಪ್ರಕರಣದ ನಾಲ್ವರ ಗಲ್ಲುಶಿಕ್ಷೆಯನ್ನು 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೀವಾವಧಿಗೆ ಇಳಿಸಿತು. ಕಾರಣ, ಕ್ಷಮಾದಾನದ ಅರ್ಜಿ ತೀರ್ಮಾನಿಸಲು ಆದ ವಿಳಂಬ. ಅಲ್ಲಿ ತಡಕ್ಕೆ ಒಬ್ಬ ಕರ್ತೃ ಸಿಕ್ಕಿದ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಸರ್ಕಾರಿ ನೌಕರನ ಮೇಲೆ ಮೊಕದ್ದಮೆಗೆ ಅನುಮತಿ ಕೇಳಿದರೆ ಸರ್ಕಾರ 120 ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಆದರೆ ತನಿಖೆಗೇ ಆದೇಶ ಕೊಡದೆ ಕೂತರೆ ಎಣಿಸುವುದಕ್ಕೆ ಆ ದಿನಗಳೇ ಶುರುವಾಗುವುದಿಲ್ಲ. ಅತ್ತ ಪೆಟ್ಟು ತಿಂದವನಿಗೆ ಮಾತ್ರ ಗಡುವು ಉಂಟು. ಘಟನೆ ನಡೆದು ಒಂದು ವರ್ಷ ದಾಟಿದರೆ ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು 1993ರ ಕಾಯ್ದೆ ಹೇಳುತ್ತದೆ.

ಇಷ್ಟೆಲ್ಲ ತಡಗಳಿಗೆ ನಮ್ಮ ಕಚೇರಿಗನ್ನಡ ಎಷ್ಟು ಅನುಕೂಲ ಮಾಡಿಕೊಟ್ಟಿದೆ ನೋಡಿ. ‘ಕ್ರಮ ಕೈಗೊಳ್ಳಲಾಗುವುದು’, ‘ತನಿಖೆ ಚುರುಕುಗೊಳಿಸಲಾಗಿದೆ’, ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ’. ಈ ‘ಲಾಗು’ಗಳಲ್ಲಿ ಮಾಡುವವನೇ ಇಲ್ಲ. ಟೀವಿಯವರೂ ಅದನ್ನೇ ಓದುತ್ತಾರೆ. ನನ್ನ ಓರಗೆಯವರೂ ಈಗ ‘ಲೇಟಾಯ್ತು’ ಅಂದು ಮುಗಿಸುತ್ತಾರೆ. ಆ ಪದದಲ್ಲಿ ತಡಿಕೆಯೂ ಇಲ್ಲ, ತಡಿಯೂ ಇಲ್ಲ, ಯಾರ ಕೈಯೂ ಇಲ್ಲ. ಪತ್ರಿಕೆಗಳ ಸುದ್ದಿಮೇಜಿನಲ್ಲಿ ಕೂರುವ ಕಿರಿಯ ಗೆಳೆಯರು ‘ತನಿಖೆ ತಡವಾಗಿದೆ’ ಎಂದು ಬರೆಯುವ ಮುನ್ನ ಯಾವ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತೆಂದು ಕೇಳಿ, ಅದನ್ನೂ ಅಚ್ಚು ಹಾಕಿದರೆ ನಾನು ಋಣಿ.

ಬೆಟ್ಟದಲ್ಲಿ ಇಳಿಯುವಾಗ ಆ ಹಿರಿಯರಿಗೆ ಅಜ್ಜಿಯ ಗಾದೆ ಹೇಳಿದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಳ್ಳುತ್ತ, “ನಮ್ಮವ್ವಾನೂ ಹಂಗೇ ಅನ್ನೋಳು” ಎಂದರು. ‘ತಡೆದ’ ಎಂಬುದನ್ನು ‘ತಡವಾದ’ ಎಂಬ ಅರ್ಥದಲ್ಲಿ ಇನ್ನೂ ಆಡುವ ಊರುಗಳು ಎಲ್ಲೆಲ್ಲಿವೆ? ಓದುಗರು ಬರೆದು ತಿಳಿಸಬೇಕು.