ಬೇಳೆ ಬೇಯಿಸುವ ನೀರು: ಬಯಲುಸೀಮೆಯ ಖಾಸಗಿ ಕೊಳವೆಬಾವಿಗಳ ಪರೀಕ್ಷೆಯ ಕುರಿತು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಹೊಸ ಬೋರ್‌ವೆಲ್ಲಿನ ನೀರು ಕುಡಿಯಲು ಆದೀತೇ ಎಂದು ಮೊದಲು ತೀರ್ಮಾನಿಸುವುದು ಅಡುಗೆಮನೆ. ತೊಗರಿಬೇಳೆ ಬೇಗ ಬೆಂದರೆ, ಸೋಪು ನೊರೆ ಬಿಟ್ಟರೆ, ನಾಲಿಗೆಗೆ ಉಪ್ಪು ಹತ್ತದಿದ್ದರೆ ಅದು ಸಿಹಿನೀರು. ಇಲ್ಲವಾದರೆ ಗಡಸು, ದನಕ್ಕೂ ಪಾತ್ರೆಗೂ ಸಾಕು. ಈ ಪರೀಕ್ಷೆಯನ್ನು ಅವೈಜ್ಞಾನಿಕವೆಂದು ತಳ್ಳಿಹಾಕುವುದು ಸರಿಯಲ್ಲ. ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ನೀರಿನ ಕ್ಯಾಲ್ಸಿಯಂನಿಂದ ಬಿಗಿಯುತ್ತದೆ, ಸೋಡಿಯಂ ಬೈಕಾರ್ಬೊನೇಟ್‌ನಿಂದ ಸಡಿಲವಾಗುತ್ತದೆ. ಬೇಯದ ಕಾಳಿಗೆ ಚಿಟಿಕೆ ಅಡುಗೆ ಸೋಡಾ ಹಾಕುವುದು ಇದಕ್ಕೇ. ಅಡುಗೆಮನೆ ಗಡಸುತನವನ್ನು ಅಳೆಯುತ್ತದೆ, ಸರಿಯಾಗಿಯೇ ಅಳೆಯುತ್ತದೆ. ತೊಡಕೆಂದರೆ, ಈ ಸೀಮೆಯ ಮುಖ್ಯ ಕಂಟಕವಾದ ಫ್ಲೋರೈಡ್ ಹೆಚ್ಚಾಗಿ ಸೇರಿಕೊಳ್ಳುವುದು ಮೆದು ನೀರಿನ ಪಕ್ಷಕ್ಕೆ.

ಇದಕ್ಕೆ ಕಾರಣ ಬಂಡೆಯಲ್ಲಿದೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ಅದರ ಕ್ಷಾರತೆ ಏರುತ್ತದೆ, ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಡುತ್ತದೆ, ಸೋಡಿಯಂ ಉಳಿಯುತ್ತದೆ. ಫ್ಲೋರೈಟ್ ಕರಗಿರುವ ನೀರಿನಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನು ಫ್ಲೋರೈಡಿನ ವರ್ಗದಿಂದ ಗುಣಿಸಿದರೆ ಬರುವ ಲಬ್ಧಕ್ಕೆ ಒಂದು ಮಿತಿಯುಂಟು. ಹೀಗಾಗಿ ಕ್ಯಾಲ್ಸಿಯಂ ಕಾಲು ಭಾಗಕ್ಕಿಳಿದ ನೀರು ಎರಡರಷ್ಟು ಫ್ಲೋರೈಡನ್ನು ಹೊರಬಲ್ಲದು. ಬೇಳೆಯನ್ನು ಹೂವಿನಂತೆ ಬೇಯಿಸುವುದೂ ಇಂಥ ನೀರೇ. ಇದು ಎಲ್ಲೆಡೆ ನಡೆಯುವ ನಿಯಮವೇನಲ್ಲ. ಗಡಸು ನೀರಿನಲ್ಲೂ ಫ್ಲೋರೈಡ್ ಮಿತಿಮೀರಿದ ಬಾವಿಗಳಿವೆ. ಆದರೆ ಮನೆಯವರ ತೃಪ್ತಿಯೇ ಅಪಾಯದತ್ತ ಬೆರಳು ಮಾಡುವ ಸಂದರ್ಭಗಳಿವೆ ಎಂಬುದನ್ನು ಪರೀಕ್ಷಾ ಕಾರ್ಯಕ್ರಮಗಳು ಗಣನೆಗೆ ತೆಗೆದುಕೊಂಡಂತಿಲ್ಲ. ಯುರೇನಿಯಂ ಕೂಡ ಕಾರ್ಬೊನೇಟ್‌ಗಳೊಡನೆ ಬೆಸೆದುಕೊಂಡು ಕರಗಿರುವುದರಿಂದ ಬೈಕಾರ್ಬೊನೇಟ್ ಹೆಚ್ಚಿರುವ ನೀರು ಅದಕ್ಕೂ ಅನುಕೂಲ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ನಮ್ಮ ದೇಶದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಅಂದರೆ ಇದನ್ನು ಹುಟ್ಟಿಸಿದ್ದು ಬೋರ್‌ವೆಲ್ ಅಲ್ಲ. ಸೇದುವ ಬಾವಿಗಳು ಬತ್ತಿ, ಸಾವಿರ ಅಡಿ ದಾಟಿ ಕೊರೆಯಬೇಕಾಗಿ ಬಂದಾಗ ಹಳೆಯ ನೀರು ಮನೆಯ ಬಿಂದಿಗೆಗೆ ಬಂತು, ಅಷ್ಟೆ. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಎಳವೆಯಲ್ಲಿ. ಆಗ ಮೂಡಿದ ಕಂದು ಗೆರೆ, ಮುಂದೆ ನೀರು ಬದಲಾಯಿಸಿದರೂ ಹೋಗುವುದಿಲ್ಲ.

ಈಗ ಅಡುಗೆಮನೆಯ ಜಾಗಕ್ಕೆ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಬಂದಿದೆ. ‘ಟಿಡಿಎಸ್ ಎಷ್ಟು ಬಂತು?’ ಎಂಬುದು ಹಳ್ಳಿಯಲ್ಲೂ ಕೇಳಿಬರುವ ಪ್ರಶ್ನೆ. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಒಂದು ಗುಣಕದಿಂದ ಗುಣಿಸಿ ತೋರಿಸುವ ಅಂಕಿ. ಯಾವ ಲವಣ ಎಂಬುದರ ಗೊಡವೆ ಅದಕ್ಕಿಲ್ಲ. ಎರಡು ಬಾವಿಗಳಲ್ಲೂ ಮೀಟರ್ 600 ತೋರಿಸಿತು, ಒಂದರಲ್ಲಿ ಫ್ಲೋರೈಡ್ 0.6, ಇನ್ನೊಂದರಲ್ಲಿ 3 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಒಟ್ಟು ಲವಣದ ಶೇ. 0.4, ಮೀಟರಿನ ಸಹಜ ದೋಷವೇ ಇದಕ್ಕಿಂತ ದೊಡ್ಡದು. ಶುದ್ಧೀಕರಣ ಯಂತ್ರ ಮಾರುವವರ ಕೈಯಲ್ಲಿ ಈ ಮೀಟರ್ ಒಂದು ಪ್ರದರ್ಶನದ ವಸ್ತು. ಆರ್‌ಓ ಪೊರೆ ಹಾಳಾಗಿದೆಯೇ ಎಂದು ನೋಡಲು ಅದು ಉಪಯುಕ್ತ, ನೀರು ಕುಡಿಯಬಹುದೇ ಎಂದು ಹೇಳಲು ಅಲ್ಲ.

ಕ್ಷೇತ್ರ ಪರೀಕ್ಷಾ ಕಿಟ್ ಇದಕ್ಕಿಂತ ಎಷ್ಟೋ ಮೇಲು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಇದರ ತರಬೇತಿ ಕೊಡುವ ವ್ಯವಸ್ಥೆ ಮಾಡಿತು. ಫ್ಲೋರೈಡ್ ಪರೀಕ್ಷೆಯಲ್ಲಿ ಜಿರ್ಕೋನಿಯಂ ಸೇರಿದ ಬಣ್ಣದ ದ್ರಾವಣವಿರುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ಸೆಳೆದುಕೊಂಡಂತೆ ಬಣ್ಣ ಬದಲಾಗುತ್ತದೆ, ಅದನ್ನು ಪಟ್ಟಿಯೊಡನೆ ಹೋಲಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಫ್ಲೋರೈಡ್ ತೆಗೆಯಲು ಪಟಿಕ ಬಳಸುತ್ತಾರೆ. ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಣ್ಣದ ಪರೀಕ್ಷೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಂಸ್ಕರಿಸಿದ ನೀರನ್ನು ಪ್ರಯೋಗಾಲಯದ ಎಲೆಕ್ಟ್ರೋಡಿನಿಂದಲೇ ಅಳೆಯಬೇಕು.

ಮಾದರಿ ಸಂಗ್ರಹದಲ್ಲಿ ನಡೆಯುವ ಎಡವಟ್ಟು ಇನ್ನೂ ಹೆಚ್ಚು. ಕೊರೆದ ದಿನದ ನೀರಿನಲ್ಲಿ ಕಲ್ಲಿನ ಪುಡಿಯಿರುತ್ತದೆ. ಕೆಲವು ವಾರ ಮೋಟಾರು ಓಡಿದ ಮೇಲಿನ ನೀರೇ ಬಾವಿಯ ಸ್ವಭಾವ ಹೇಳುವುದು. ತೊಟ್ಟಿಯಿಂದ ಹಿಡಿಯದೆ, ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ಬಾವಿಯ ಬಾಯಲ್ಲೇ ಹಿಡಿಯಬೇಕು. ಫ್ಲೋರೈಡಿಗೆ ಪ್ಲಾಸ್ಟಿಕ್ ಸೀಸೆ. ಯುರೇನಿಯಂ, ಆರ್ಸೆನಿಕ್‌ಗೆ ಬೇರೆ ಸೀಸೆಯಲ್ಲಿ ನೈಟ್ರಿಕ್ ಆಮ್ಲ ಬೆರೆಸಿದ ಮಾದರಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಸೀಸೆ, ತಂಪು, 24 ಗಂಟೆಯೊಳಗೆ ಪ್ರಯೋಗಾಲಯ. ತಿಪ್ಪೆ, ಶೌಚದ ಗುಂಡಿ ಹತ್ತಿರವಿದ್ದರೆ ನೈಟ್ರೇಟನ್ನೂ ಕೇಳಿ ಮಾಡಿಸಬೇಕು. ಅದರ ಮಿತಿ 45 ಮಿಲಿಗ್ರಾಂ. ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ಕುದಿಸಿ ಕಳೆಯಲಾಗದು, ನೀರು ಆವಿಯಾದಷ್ಟೂ ಅವು ಸಾಂದ್ರವಾಗುತ್ತವೆ.

ಗಟ್ಟಿಶಿಲೆಯ ನಾಡಿನಲ್ಲಿ ಒಂದು ಬಾವಿಯ ವರದಿ ಪಕ್ಕದ ತೋಟದ್ದಕ್ಕೆ ಅನ್ವಯಿಸದು, ಏಕೆಂದರೆ ಎರಡಕ್ಕೂ ನೀರು ಬರುವ ಬಿರುಕುಗಳೇ ಬೇರೆ ಇರಬಹುದು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಬಾವಿಗಳ ನೋಂದಣಿಯನ್ನು ತಂದಿತಾದರೂ ಅದರ ಮುಖ್ಯ ಚಿಂತೆ ಎಷ್ಟು ನೀರು ಎತ್ತಲಾಗುತ್ತಿದೆ ಎಂಬುದು. ಆ ನೋಂದಣಿ ಪುಟದಲ್ಲೇ ಆಳ, ನೀರು ಸಿಕ್ಕ ಮಟ್ಟ, ಪರೀಕ್ಷೆಯ ದಿನಾಂಕ, ಫ್ಲೋರೈಡ್ ಅಂಕಿ ಸೇರಿದರೆ ಖಾಸಗಿ ಬಾವಿಗಳ ವರದಿಗಳು ಚದುರಿದ ಕಾಗದವಾಗಿ ಉಳಿಯುವುದಿಲ್ಲ. ಬೋರ್ ಬತ್ತಿ ರೀಬೋರ್ ಮಾಡಿಸಿದರೆ ಹಳೆಯ ಅಂಕಿಯನ್ನು ರದ್ದೆಂದೇ ಗುರುತಿಸಬೇಕು: ಗೇಟ್‌ವಾಲ್ವ್, ಪೈಪು, ಮಾಲೀಕ ಎಲ್ಲ ಅದೇ ಇರಬಹುದು, ಆದರೆ ಇನ್ನೂರು ಅಡಿ ಕೆಳಗಿನ ಬಿರುಕಿನಿಂದ ಬರುವ ನೀರು ಬೇರೆಯದೇ.