ಸುವಾರ್ತೆ

‘ಸು’ ಎಂದರೆ ಒಳ್ಳೆಯ, ‘ವಾರ್ತೆ’ ಎಂದರೆ ಸುದ್ದಿ. ಗ್ರೀಕಿನ ‘ಯುಅಂಗೆಲಿಯೊನ್’ ಕೂಡ ಹೀಗೇ ಕೂಡಿದ ಪದ. ಕನ್ನಡ ಬೈಬಲ್ಲಿನಲ್ಲಿ ಮತ್ತಾಯ, ಮಾರ್ಕ, ಲೂಕ, ಯೋಹಾನ ಬರೆದ ನಾಲ್ಕು ಪುಸ್ತಕಗಳಿಗೂ ‘ಸುವಾರ್ತೆ’ ಎಂದೇ ಹೆಸರು. ಕಥೋಲಿಕರಲ್ಲಿ ‘ಶುಭಸಂದೇಶ’ ಎಂಬ ಮಾತೂ ಬಳಕೆಯಲ್ಲಿದೆ.

ಈ ಸುವಾರ್ತೆಯನ್ನು ಹೇಳಲು ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರಲ್ಲಿ ಎಲ್ಲರೂ ಮೆದುಮಾತಿನವರಾಗಿರಲಿಲ್ಲ. ಊರ ದೇವರನ್ನು ಹಳಿದವರೂ ಇದ್ದರು. 1853ರಲ್ಲಿ ಬಂದ ಅದೇ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ ಹಿಡಿದ ದಾರಿ ನನಗೆ ಹೆಚ್ಚು ಪ್ರಿಯ. ಆತ ಮೊದಲು ಜನರ ನುಡಿ ಕಲಿತ, ಹಳಗನ್ನಡ ಛಂದಸ್ಸನ್ನು ಅಭ್ಯಾಸ ಮಾಡಿದ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹೇಳಿದ. ಕೇಳುವವರ ಕಿವಿಗೆ ಒಗ್ಗಿದ ಲಯದಲ್ಲಿ ಹೇಳುವುದೂ ಅವರಿಗೆ ತೋರುವ ಗೌರವವೇ. ಆತನ 1894ರ ಕನ್ನಡ ನಿಘಂಟು ಆಮೇಲಿನದು.

ಬೈಬಲ್ಲಿನಲ್ಲಿ ಸುವಾರ್ತೆಯನ್ನು ‘ಸಾರು’ತ್ತಾರೆ. ಡಂಗುರವನ್ನೂ ಸಾರುತ್ತಾರೆ, ಹಾಗಾಗಿ ಬಹಿರಂಗವಾಗಿ ಹೇಳುವುದು ತಪ್ಪಲ್ಲ, ನಿಜ. ಆದರೆ ನರಕದ ಬೆದರಿಕೆ, ನೌಕರಿಯ ಆಮಿಷ, ಕಾಯಿಲೆ ಬಿದ್ದವರ ಮೇಲಿನ ಒತ್ತಾಯ ಇವು ಯಾವುವೂ ಒಳ್ಳೆಯ ಸುದ್ದಿಯಲ್ಲ. ನಂಬಿಕೆಯ ಬಗ್ಗೆ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಿ ಎಂದೇ ಬೈಬಲ್ಲಿನ ಪೇತ್ರನ ಮೊದಲ ಪತ್ರ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಯಾರೇ ಎದುರಾದರೂ ಮೊದಲು ‘ಆರಾಮ ಅದೀರೇನ್ರಿ?’ ಎನ್ನುತ್ತಾರೆ, ಉತ್ತರ ಕೇಳಿಸಿಕೊಂಡ ಮೇಲೆ ಉಳಿದ ಮಾತು. ಸುವಾರ್ತೆ ಹೇಳುವವರಿಗೂ ಈ ಕ್ರಮವೇ ಸರಿ. ಕೇಳಿದವರು ಬೇಡವೆಂದರೂ ಸ್ನೇಹ ಮುರಿಯಬಾರದು.